ಮಗಳ ಮನೆಯಿಂದ ಬಂದ ಪಟ್ಟ

ಅಟ್ಲಾಂಟಾ ಇರಲಿ, ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡ್ ಇರಲಿ, ನವರಾತ್ರಿಗೆ ಗೊಂಬೆ ಕೂರಿಸುವ ಮೈಸೂರು ಕಡೆಯವರ ಮನೆಗಳಲ್ಲಿ ಪಟ್ಟದ ಗೊಂಬೆಗಳಿಗೇ ಮೊದಲ ಮರ್ಯಾದೆ. ಮದುವೆಯಲ್ಲಿ ತವರಿನವರು ಮಗಳ ಜೊತೆ ಕಳಿಸಿಕೊಡುವ ರಾಜ–ರಾಣಿ ಜೋಡಿ ಅದು. ಆ ಜೋಡಿಯನ್ನು ನೋಡುತ್ತ ಬೆಳೆಯುವ ಮಕ್ಕಳು ಮೈಸೂರಿನ ನಿಜವಾದ ಪಟ್ಟದ ಬಗ್ಗೆ ಕೇಳುವುದು ಸಹಜ: ಈಗ ಪಟ್ಟದಲ್ಲಿರುವ ಯದುವೀರರು ಹಿಂದಿದ್ದ ಶ್ರೀಕಂಠದತ್ತ ಒಡೆಯರ ಹೆತ್ತ ಮಗನಲ್ಲವಂತೆ, ಮತ್ತೆ ಪಟ್ಟ ಹೇಗೆ ಬಂತು?

ಬಂದದ್ದು ರಾಜಕುಮಾರಿಯ ಕಡೆಯಿಂದ. ಮೈಸೂರಿನಲ್ಲಿ ಸಿಂಹಾಸನ ಗಂಡುಮಕ್ಕಳಿಗೇ. ಗಂಡು ಸಂತಾನ ಇಲ್ಲದಾಗ ಮಾತ್ರ ಹೆಣ್ಣುಮಕ್ಕಳ ಮನೆಯತ್ತ ಕಣ್ಣು ಹೊರಳುತ್ತದೆ.

ಹಿಂದೆಯೂ ಹೀಗಾಗಿತ್ತು. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕ್ಕೆ ಬರುವ ಮಗನಿರಲಿಲ್ಲ. ಆಡಳಿತವನ್ನು ಬ್ರಿಟಿಷರು 1831ರಲ್ಲೇ ಕಿತ್ತುಕೊಂಡಿದ್ದರು. ವಾರಸುದಾರನಿಲ್ಲವೆಂದರೆ ರಾಜ್ಯವೇ ಕೈಬಿಟ್ಟು ಹೋಗುವ ಭಯ. ಹಿರಿಯ ಮಗಳು ಪುಟ್ಟಮ್ಮಣ್ಣಿಯವರನ್ನು ಬೆಟ್ಟದಕೋಟೆ ಅರಸು ಮನೆತನಕ್ಕೆ ಮದುವೆ ಮಾಡಿಕೊಟ್ಟಿದ್ದರು. 1863ರಲ್ಲಿ ಹುಟ್ಟಿದ ಅವರ ಮಗ ಚಾಮರಾಜೇಂದ್ರನನ್ನು ಮುಮ್ಮಡಿಯವರು 1865ರ ಜೂನ್‌ನಲ್ಲಿ ದತ್ತು ತೆಗೆದುಕೊಂಡರು. ಬ್ರಿಟಿಷರು ಕೂಡಲೇ ಒಪ್ಪಲಿಲ್ಲ. ಮನೆತನ ಮುಂದುವರಿಯಲಿ ಎಂದು ಲಂಡನ್ ತೀರ್ಮಾನಿಸಿದ್ದು 1867ರಲ್ಲಿ. ಮರುವರ್ಷ ಮುಮ್ಮಡಿಯವರು ತೀರಿಕೊಂಡರು. 1881ರಲ್ಲಿ ರಾಜ್ಯಭಾರ ಮರಳಿ ಚಾಮರಾಜೇಂದ್ರರ ಕೈಗೆ ಬಂತು.

ದತ್ತಕದಿಂದ ನಂಟುಗಳೇ ಬದಲಾಗುತ್ತವೆ. ತಾತ ತಂದೆಯಾದರು, ಹೆತ್ತ ತಾಯಿ ಅಕ್ಕನಾದರು. ರಾಜ್ಯ ಉಳಿದದ್ದು ಪುಟ್ಟಮ್ಮಣ್ಣಿಯವರ ಮಗನಿಂದ, ಆದರೆ ಪಟ್ಟದ ವಂಶಾವಳಿಯಲ್ಲಿ ತಾಯಿಯ ಜಾಗದಲ್ಲಿ ಅವರ ಹೆಸರಿಲ್ಲ. ಇದು ನನಗೆ ಅನ್ಯಾಯವೆಂದೇ ಕಾಣುತ್ತದೆ.

ಮುಂದೆ ಇದೇ ಮನೆತನದ ಜಯಚಾಮರಾಜ ಒಡೆಯರಿಗೆ ಐವರು ಹೆಣ್ಣುಮಕ್ಕಳು, ಒಬ್ಬನೇ ಮಗ. ಆ ಮಗ ಶ್ರೀಕಂಠದತ್ತರು 2013ರ ಡಿಸೆಂಬರ್ 10ರಂದು ಮಕ್ಕಳಿಲ್ಲದೆ ತೀರಿಕೊಂಡಾಗ ಚಿತೆಗೆ ಬೆಂಕಿಯಿಟ್ಟವರು ಹಿರಿಯಕ್ಕ ಗಾಯತ್ರಿ ದೇವಿಯವರ ಮಗ ಕಾಂತರಾಜ ಅರಸ್. ಕರ್ಮ ಮಾಡಿದವರೇ ಉತ್ತರಾಧಿಕಾರಿ ಎಂದು ಹಲವರು ಅಂದುಕೊಂಡರು. ಆದರೆ ಉತ್ತರಾಧಿಕಾರಿ ಇನ್ನೂ ತೀರ್ಮಾನವಾಗದ ಕಾರಣ 2014ರ ದಸರೆಯಲ್ಲಿ ಸಿಂಹಾಸನದ ಮೇಲೆ ಕೂತದ್ದು ಪಟ್ಟದ ಕತ್ತಿ. 2015ರ ಫೆಬ್ರವರಿ 23ರಂದು ಶ್ರೀಕಂಠದತ್ತರ ಪತ್ನಿ ಪ್ರಮೋದಾ ದೇವಿಯವರು ದತ್ತು ತೆಗೆದುಕೊಂಡದ್ದು ಗಾಯತ್ರಿ ದೇವಿಯವರ ಮಗಳು ತ್ರಿಪುರಸುಂದರಿ ದೇವಿಯವರ ಮಗ ಯದುವೀರರನ್ನು. ಮೇ 28ರಂದು ಪಟ್ಟಾಭಿಷೇಕವಾಯಿತು. ದತ್ತಕದ ಲೆಕ್ಕದಲ್ಲಿ ಹೆತ್ತ ತಾಯಿ ಈಗ ಸೋದರತ್ತೆಯ ಮಗಳು.

ಎರಡು ಸಲವೂ ಆಯ್ಕೆ ಬಂದು ನಿಂತದ್ದು ಹಿರಿಯ ಮಗಳ ಮನೆಯಲ್ಲೇ. ಆದರೂ ಹಿರಿತನದಿಂದ ತಾನಾಗಿ ಹಕ್ಕು ಬರುವುದಿಲ್ಲ. ದತ್ತು ಕೊಡುವವರು, ತೆಗೆದುಕೊಳ್ಳುವವರು ಒಪ್ಪಬೇಕು. ಪೈಪೋಟಿಗೆ ಎಡೆಯಾಗುವುದೇ ಇಲ್ಲಿ. ಗಾಯತ್ರಿ ದೇವಿಯವರ ಮಗನೂ ಮೊಮ್ಮಗನೂ ಜನರ ಬಾಯಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ.

ಕಾನೂನಿನ ಮಾತು ಬೇರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ವಿಧವೆಯೂ ದತ್ತು ತೆಗೆದುಕೊಳ್ಳಬಹುದು. ಹುಡುಗನಿಗೆ 15 ತುಂಬಿರಬಾರದು, ಮದುವೆಯಾಗಿರಬಾರದು. ರೂಢಿಯಿದ್ದರೆ ಮಾತ್ರ ವಿನಾಯಿತಿ. ಯದುವೀರರಿಗೆ ಆಗ 23 ತುಂಬುವುದರಲ್ಲಿತ್ತು. ಇನ್ನೊಂದು ಮುಖ್ಯ ಅಂಶ: ದತ್ತಕಕ್ಕೆ ಮೊದಲೇ ಯಾರಿಗಾದರೂ ಸಂದಿರುವ ಆಸ್ತಿಯನ್ನು ದತ್ತುಮಗ ಬಂದನೆಂದು ಕಿತ್ತುಕೊಳ್ಳುವಂತಿಲ್ಲ.

ಮಹಾರಾಜ ಪದವಿಗೆ ಸರ್ಕಾರದ ಮನ್ನಣೆ, ರಾಜಧನ ಎರಡೂ 1971ರಲ್ಲೇ ರದ್ದಾದವು. ಹಾಗಾಗಿ ಈಗ ದತ್ತಕದಿಂದ ಸಿಗುವುದು ಮನೆತನದ ಹೆಸರು, ಆಸ್ತಿಯಲ್ಲಿ ಮಗನ ಸ್ಥಾನ, ದಸರೆಯ ಖಾಸಗಿ ದರ್ಬಾರು. ಆಸ್ತಿಯ ವಿಷಯಕ್ಕೆ ಬಂದರೆ, ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. ದರ್ಬಾರಿಗೆ ಮಾತ್ರ ಹಳೆಯ ಪದ್ಧತಿಯೇ ಉಳಿದಿದೆ.