ಅಪ್ಪನಿಗೆ ಡಿಮೆನ್ಷಿಯಾ: ಚಿಕ್ಕ ಹೋಮ್ ಆರಿಸೋದು ಹೇಗೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನು, ಓದಿ ಇಟ್ಟುಕೊಳ್ಳೋರಿಗೆ ಅನುಕೂಲ ಆಗ್ಲಿ ಅಂತ ಇಲ್ಲಿ ಬರೆದಿದೀನಿ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಧಾರವಾಡದಿಂದ ಪುಣೆಗೆ ಕರ್ಕೊಂಡು ಬಂದೆ. ಡಿಮೆನ್ಷಿಯಾ ಅಂತ ಆಗಲೇ ಗೊತ್ತಾಗಿತ್ತು. ನಾವಿಬ್ಬರೂ ಆಫೀಸಿಗೆ ಹೋಗೋರು, ಹಗಲಿಗೆ ಒಬ್ಬರನ್ನ ಇಟ್ಟಿದ್ದೆವು. ಸಂಜೆಯಾದರೆ ಸಾಕು, ಅಪ್ಪ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಲ್ಲೋರು: "ಟೈಮ್ ಆತು ತಮ್ಮಾ, ಮನಿಗೆ ಹೋಗೂಣು ನಡಿ." ಒಂದು ರಾತ್ರಿ 2 ಗಂಟೆಗೆ ಸೊಸೈಟಿ ಗೇಟಿನಿಂದ ವಾಚ್‌ಮನ್ ಫೋನ್ ಬಂತು. ಮರುದಿನವೇ ಹೋಮ್ ಹುಡುಕೋಕೆ ಶುರು ಮಾಡಿದೆ.

ಮೊದಲು ಸೇರಿಸಿದ್ದು ದೊಡ್ಡ ಜಾಗ. ಸ್ವಚ್ಛ ಇತ್ತು, ಸಿಸಿಟಿವಿ ಇತ್ತು, ಆ್ಯಪ್ ಕೂಡ ಇತ್ತು. ಮೂರನೇ ವಾರ "ನಿಮ್ಮ ತಂದೆ ಹೊಡೆಯೋಕೆ ಬರ್ತಾರೆ" ಅಂತ ಫೋನ್ ಮಾಡಿದರು. ಹೋಗಿ ನೋಡಿದರೆ ಅಪ್ಪ ಮಂಪರಿನಲ್ಲಿದ್ದರು. ಮಾತ್ರೆ ಕೊಟ್ಟು ಮಲಗಿಸಿದ್ದರು. ಎಚ್ಚರವಾದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಒಂದಕ್ಕ ಹೋಗಬೇಕು." ಅಲ್ಲಿ ಯಾರಿಗೂ ಕನ್ನಡ ಬರ್ತಿರಲಿಲ್ಲ.

ಅಪ್ಪ ಬ್ಯಾಂಕಿನಲ್ಲಿದ್ದಾಗ ವರ್ಷಗಟ್ಟಲೆ ಹಿಂದಿಯಲ್ಲಿ ವ್ಯವಹಾರ ಮಾಡಿದವರು. ಆದರೆ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪು ಮೊದಲು ಹೋಗುತ್ತೆ, ಹಳೆಯದು ಹೆಚ್ಚು ದಿನ ಉಳಿಯುತ್ತೆ. ಭಾಷೆಯಲ್ಲೂ ಎಷ್ಟೋ ಜನರಿಗೆ ಹೀಗೇ ಆಗುತ್ತೆ. ಆಮೇಲೆ ಕಲಿತದ್ದು ಕಳಚಿಕೊಳ್ಳುತ್ತೆ, ಮನೆಮಾತು ನಿಲ್ಲುತ್ತೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದು ದೊಡ್ಡ ವಿಷಯ.

ಇದೇನು ಅಪರೂಪದ ಕಾಯಿಲೆ ಅಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆದರೂ ಎಷ್ಟೋ ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳೋರನ್ನ ಮಾತ್ರ ಸೇರಿಸಿಕೊಳ್ತವೆ.

ಚಿಕ್ಕದು ಯಾಕೆ ಒಳ್ಳೇದು? ಜಪಾನಿನಲ್ಲಿ ಡಿಮೆನ್ಷಿಯಾ ಇರೋರಿಗಾಗಿಯೇ ಗ್ರೂಪ್ ಹೋಮ್‌ಗಳಿವೆ. ಒಂದು ಘಟಕದಲ್ಲಿ 5ರಿಂದ 9 ಜನ ಮಾತ್ರ. ಪ್ರತಿಯೊಬ್ಬರಿಗೂ ಕೋಣೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಕೈಲಾದವರು ತರಕಾರಿ ಹೆಚ್ತಾರೆ, ಬಟ್ಟೆ ಮಡಚ್ತಾರೆ. ದಿನಾ ಅದೇ ಮುಖ, ಅದೇ ಜಾಗ, ಅದೇ ಕೆಲಸ. ಹೊಸದನ್ನು ನೆನಪಿಟ್ಟುಕೊಳ್ಳೋಕೆ ಆಗದವರಿಗೆ ಇದೇ ದೊಡ್ಡ ಆಸರೆ.

ಹಾಗಂತ ಬಂಗಲೆಯಲ್ಲಿ ಎಂಟು ಮಂಚ ಹಾಕಿದ ಕೂಡಲೇ ಅದು ಒಳ್ಳೆಯ ಹೋಮ್ ಆಗೋದಿಲ್ಲ. ಸಿಬ್ಬಂದಿ ಕಡಿಮೆ ಇರೋದರಿಂದ ಒಬ್ಬರು ರಜೆ ಹಾಕಿದರೂ ಎಲ್ಲ ಏರುಪೇರಾಗುತ್ತೆ. ನಾನು ಕೇಳೋಕೆ ಕಲಿತ ಪ್ರಶ್ನೆಗಳು ಇವು:

1. ರಾತ್ರಿ ಎಷ್ಟು ಜನ ಎಚ್ಚರ ಇರ್ತಾರೆ? ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಹೇಳಬೇಕಾಗಿಲ್ಲ, ತೊಂದರೆ ಬರೋದು ಆಗಲೇ.

2. ಅಪ್ಪ ಅಮ್ಮನ ಭಾಷೆ ಯಾರಿಗೆ ಬರುತ್ತೆ? ಅವರ ಪಾಳಿ ಯಾವುದು?

3. ಗಲಾಟೆ ಮಾಡಿದರೆ ಏನು ಮಾಡ್ತೀರಿ? ಶಾಂತಗೊಳಿಸೋಕೆ ಕೊಡೋ ಕೆಲವು ಮನೋರೋಗದ ಔಷಧಗಳಿಂದ ಡಿಮೆನ್ಷಿಯಾ ಇರೋ ಹಿರಿಯರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚುತ್ತೆ. ವೈದ್ಯರು ನೋಡದೆ, ನಮಗೆ ತಿಳಿಸದೆ ಹೊಸ ಮಾತ್ರೆ ಬೇಡ ಅಂತ ಬರೆಸಿಕೊಳ್ಳಿ.

4. ಬಿದ್ದರೆ ಯಾವ ಆಸ್ಪತ್ರೆ, ಕರ್ಕೊಂಡು ಹೋಗೋರು ಯಾರು?

5. ಹಾಸಿಗೆ ಹಿಡಿದರೆ ಇಟ್ಟುಕೊಳ್ತೀರಾ, ವಾಪಸ್ ಕಳಿಸ್ತೀರಾ?

ಬೆಳಗ್ಗೆ 11ಕ್ಕೆ ಹೋಗಿ ನೋಡಿದರೆ ಎಲ್ಲ ಜಾಗವೂ ಚೆನ್ನಾಗೇ ಕಾಣುತ್ತೆ. ಸಂಜೆ 6ಕ್ಕೆ, ಹೇಳದೆ ಹೋಗಿ. ಚಡಪಡಿಕೆ ಹೆಚ್ಚಾಗೋದು ಆ ಹೊತ್ತಿಗೆ.

ದುಡ್ಡಿನ ವಿಷಯ: ಕಂಪನಿ ಕೊಡೋ ಪೇರೆಂಟ್ಸ್ ಪಾಲಿಸಿ ಇದೆಯಲ್ಲ ಅಂದ್ಕೋಬೇಡಿ. ಆರೋಗ್ಯ ವಿಮೆ ಸಾಮಾನ್ಯವಾಗಿ ಆಸ್ಪತ್ರೆ ಚಿಕಿತ್ಸೆಗೆ. ಸ್ನಾನ, ಊಟ, ಉಡುಪಿಗೆ ನೆರವಾಗೋ ಇಂಥ ಆರೈಕೆಯನ್ನು ಅದು ಹೊರಗಿಡುತ್ತೆ. ಖರ್ಚು ತಿಂಗಳು ತಿಂಗಳೂ, ವರ್ಷಗಟ್ಟಲೆ. ಒಡಹುಟ್ಟಿದವರ ಜೊತೆ ಮೊದಲೇ ಕೂತು ಲೆಕ್ಕ ಹಾಕಿ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ, ಕರೆ ಉಚಿತ.

ಅಪ್ಪ ಈಗ ಇರೋದು ಎಂಟು ಜನರ ಮನೆಯಲ್ಲಿ. ಅಡುಗೆ ಮಾಡೋ ಅಕ್ಕ ಅಕ್ಕಲಕೋಟೆ ಕಡೆಯವರು, ಕನ್ನಡ ಬರುತ್ತೆ, ಆದರೆ ಹಗಲು ಮಾತ್ರ. ರಾತ್ರಿಯವರಿಗೆ ನಾನು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದೆ. "ಒಂದಕ್ಕ", "ನೀರು", "ಬ್ಯಾಡ", "ನೂಸಾಕತ್ತೈತಿ", ಹೀಗೆ ಇಪ್ಪತ್ತು ಮಾತು, ದೇವನಾಗರಿಯಲ್ಲಿ, ಪಕ್ಕದಲ್ಲಿ ಮರಾಠಿ ಅರ್ಥ. ಖರ್ಚು ಏನೂ ಇಲ್ಲ. ಜಗಳ ಅನ್ನೋ ಫೋನು ಆಮೇಲೆ ಎರಡೇ ಸಲ ಬಂದಿದೆ.

"ಅಪ್ಪನನ್ನ ಆಶ್ರಮಕ್ಕೆ ಹಾಕಿದ" ಅಂತ ಊರಲ್ಲಿ ಮಾತಿದೆ. ನನಗೂ ಚುಚ್ಚುತ್ತೆ. ಸಂಜೆ ಹೋದರೆ ಅಪ್ಪ ಶೇಂಗಾ ಬಿಡಿಸ್ತಾ ಕೂತಿರ್ತಾರೆ. ಕೆಲವು ಸಲ ನನ್ನ ಗುರುತು ಸಿಗೋದಿಲ್ಲ. ಒಂದು ಹಿಡಿ ಶೇಂಗಾ ಮುಂದೆ ಹಿಡಿದು "ತಗೋರಿ" ಅಂತಾರೆ. ತಗೊಂಡು ಪಕ್ಕದಲ್ಲಿ ಕೂರ್ತೀನಿ.

ನಿಮ್ಮ ಮನೆಯ ಹಾಳೆಯನ್ನ ಇವತ್ತೇ ಬರೆಯೋಕೆ ಶುರು ಮಾಡಿ. ಮುಂದಿನ ವಾರ ಸಿಗೋಣ.