ಹಳೆಯ ಬೆಳ್ಳಿಯ ಕ್ರಯವಿಕ್ರಯ: ಕೆಲವು ಎಚ್ಚರಿಕೆಗಳು

ಬೆಳ್ಳಿಯ ಕೈಗನ್ನಡಿ, ಕೂದಲಿನ ಬ್ರಷ್, ಪೌಡರ್ ಡಬ್ಬಿ ಮೊದಲಾದ ಹಳೆಯ ಇಂಗ್ಲಿಷ್ ಶೃಂಗಾರ ಸಾಧನಗಳನ್ನು ಇಂದು ಅಂತರಜಾಲದ ಮೂಲಕ ಮನೆಯಲ್ಲಿ ಕುಳಿತೇ ಕೊಳ್ಳಬಹುದು, ಮಾರಬಹುದು. ಆದರೆ ಕೊಳ್ಳುವವನ ಕಣ್ಣಿಗೆ ಬೀಳುವುದು ಚಿತ್ರ ಮಾತ್ರ. ಆದುದರಿಂದ ಮುದ್ರೆಗಳ ಸ್ಪಷ್ಟ ಚಿತ್ರವನ್ನು ಕೇಳಿ ಪಡೆಯುವುದೇ ಮೊದಲ ಕರ್ತವ್ಯ.

ನಡೆಯುತ್ತಿರುವ ಸಿಂಹದ ಮುದ್ರೆಯು ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂಬುದನ್ನು ಸಾರುತ್ತದೆ. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು; ಚಿರತೆಯ ಮುಖ ಲಂಡನ್ನಿನದು. ಜೊತೆಗಿರುವ ಒಂಟಿ ಅಕ್ಷರ ಪರೀಕ್ಷೆಯಾದ ವರ್ಷವನ್ನು ತಿಳಿಸುತ್ತದೆ. ‘ಇ.ಪಿ.ಎನ್.ಎಸ್.’ ಎಂದಿದ್ದರೆ ಅದು ನಿಕಲ್ ಮಿಶ್ರಲೋಹದ ಮೇಲಿನ ಬೆಳ್ಳಿಯ ಲೇಪವಷ್ಟೆ.

ತೂಕವನ್ನೂ ಸುಲಭವಾಗಿ ನಂಬಲಾಗದು. ಕನ್ನಡಿ, ಬ್ರಷ್‌ಗಳ ಹಿಡಿಗಳು ಬಹುಮಟ್ಟಿಗೆ ತೆಳುವಾದ ತಗಡಿನವು. ಒಳಗೆ ರಾಳದಂತಹ ವಸ್ತುವನ್ನು ತುಂಬಿರುತ್ತಾರೆ. ಮಾರುವವರು ಹೊಳಪಿಗಾಗಿ ಅತಿಯಾಗಿ ಉಜ್ಜಬಾರದು; ಮುದ್ರೆ ಸವೆದರೆ ಬೆಲೆಯೂ ಸವೆಯುತ್ತದೆ.

ಇನ್ನು ನಮ್ಮ ಮನೆಗಳ ಮಾತು. ಅಜ್ಜಿಯ ಕುಂಕುಮ ಭರಣಿಯಲ್ಲಿ, ಪನ್ನೀರುದಾನಿಯಲ್ಲಿ ಮುದ್ರೆ ಇಲ್ಲದಿರಬಹುದು. ಅಷ್ಟರಿಂದಲೇ ಅದು ಖೋಟಾ ಎನಿಸದು. ಆದರೆ ನೂರು ವರ್ಷ ತುಂಬಿದ ಕುಶಲಕೃತಿಯು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಕಳುಹಿಸುವಂತಿಲ್ಲ. ಅಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊರದೇಶದ ಗ್ರಾಹಕನು ಹೆಚ್ಚು ಬೆಲೆ ಹೇಳಿದನೆಂದು ಅಂಚೆಗೆ ಹಾಕಿದರೆ ಅಪರಾಧವಾದೀತು.

ಕರಗಿಸಿದರೆ ಗಟ್ಟಿಯ ಬೆಲೆ ಮಾತ್ರ ದೊರೆಯುತ್ತದೆ. ಕೆತ್ತಿದ ಕೈಯ ಶ್ರಮ ಮತ್ತೆ ದೊರೆಯದು. ಮಾರುವ ಮುನ್ನ ಮನೆಯ ಹಿರಿಯರನ್ನೊಮ್ಮೆ ಕೇಳುವುದು ಲೇಸು.