ಪ್ರಮಾಣಪತ್ರ ಮತ್ತು ಅನುಭವ: ಗಣಕೋದ್ಯಮದ ಬಾಗಿಲಲ್ಲಿ ಗ್ರಾಮೀಣ ತರುಣರು

ಅಸುಂಡಿಯಂಥ ಗ್ರಾಮಗಳ ಒಕ್ಕಲುತನದ ಮನೆಗಳಲ್ಲಿ ಮಗನು ಮಾಸ್ತರನೋ ತಲಾಠಿಯೋ ಆಗಲೆಂಬುದು ಒಂದು ಕಾಲದ ಹೆಬ್ಬಯಕೆಯಾಗಿದ್ದಿತು. ಈಗ ಆ ಸ್ಥಾನವನ್ನು ಗಣಕಯಂತ್ರದ ನೌಕರಿ ಪಡೆದುಕೊಂಡಿದೆ. ಬಿ.ಎಸ್‌ಸಿ.ಯನ್ನೋ ಬಿ.ಸಿ.ಎ.ಯನ್ನೋ ಮುಗಿಸಿದ ತರುಣ ತರುಣಿಯರು, ಪದವಿಯೊಂದೇ ಸಾಲದೆಂದರಿತು, ನೆಟ್‌ವರ್ಕ್, ಕ್ಲೌಡ್, ಲಿನಕ್ಸ್ ಮುಂತಾದ ವಿಷಯಗಳಲ್ಲಿ ಪರೀಕ್ಷೆಗೆ ಕುಳಿತು ಪ್ರಮಾಣಪತ್ರಗಳನ್ನು ಸಂಪಾದಿಸುತ್ತಾರೆ. ಅವುಗಳನ್ನು ಹಿಡಿದು ಬೆಂಗಳೂರಿಗೆ ಹೋದರೆ ಅಲ್ಲಿ ಎದುರಾಗುವ ಪ್ರಶ್ನೆ ಒಂದೇ: ಎಷ್ಟು ವರ್ಷದ ಅನುಭವವಿದೆ? ಅನುಭವವಿಲ್ಲದೆ ಕೆಲಸ ದೊರೆಯದು, ಕೆಲಸ ದೊರೆಯದೆ ಅನುಭವವಾಗದು. ಈ ಬೀಜವೃಕ್ಷ ನ್ಯಾಯದಲ್ಲಿ ಸಿಲುಕಿ ಒಂದೆರಡು ವರ್ಷ ಕಳೆದು ಬರಿಗೈಯಿಂದ ಊರಿಗೆ ಮರಳುವವರೂ ಉಂಟು. ಅಷ್ಟರಲ್ಲಿ ಮನೆಯವರು ಮಾಡಿದ ಸಾಲಕ್ಕೆ ಬಡ್ಡಿ ಬೆಳೆದಿರುತ್ತದೆ.

ಮೊದಲು ಈ ಪ್ರಮಾಣಪತ್ರಗಳ ಸ್ವರೂಪವನ್ನು ತಿಳಿಯುವುದು ಅವಶ್ಯ. ಇವು ಬಹುಮಟ್ಟಿಗೆ ಆಯಾ ಯಂತ್ರ ಅಥವಾ ತಂತ್ರಾಂಶವನ್ನು ಮಾರುವ ಕಂಪನಿಗಳೇ ನಡೆಸುವ ಪರೀಕ್ಷೆಗಳ ಫಲ. ಸಿಸ್ಕೋ ಕಂಪನಿಯ ಸಿ.ಸಿ.ಎನ್.ಎ. ಪರೀಕ್ಷೆಗೆ ಅಮೆರಿಕದ 300 ಡಾಲರು, ಅಮೆಜಾನ್ ಕಂಪನಿಯ ಕ್ಲೌಡ್ ಪ್ರಾಕ್ಟೀಶನರ್ ಪರೀಕ್ಷೆಗೆ 100 ಡಾಲರು ಶುಲ್ಕವುಂಟು. ಎರಡೂ ಮೂರು ವರ್ಷಗಳವರೆಗೆ ಮಾತ್ರ ಊರ್ಜಿತ. ಎರೆಹೊಲದ ಹೆಸರು, ಕಡಲೆ ಬೆಳೆಗಳನ್ನು ನಂಬಿದ ಕುಟುಂಬಕ್ಕೆ ಇದು ಅಲ್ಪ ವೆಚ್ಚವೆನ್ನಲಾಗದು. ಪರೀಕ್ಷೆಗಳಲ್ಲಿಯೂ ತಾರತಮ್ಯವಿದೆ. ಕೆಲವು ಪರೀಕ್ಷೆಗಳಲ್ಲಿ ಕೊಟ್ಟ ಉತ್ತರಗಳೊಳಗಿಂದ ಸರಿಯಾದುದನ್ನು ಆಯ್ದರೆ ಸಾಕು. ರೆಡ್ ಹ್ಯಾಟ್ ಕಂಪನಿಯ ಆರ್.ಎಚ್.ಸಿ.ಎಸ್.ಎ. ಪರೀಕ್ಷೆಯಲ್ಲಾದರೋ ಅಭ್ಯರ್ಥಿಯು ಗಣಕಯಂತ್ರದ ಮುಂದೆ ಕುಳಿತು, ಹೇಳಿದ ಕೆಲಸಗಳನ್ನು ನಿಗದಿತ ವೇಳೆಯಲ್ಲಿ ಮಾಡಿ ತೋರಿಸಬೇಕು. ಭದ್ರತಾ ವಿಭಾಗದ ಸಿ.ಐ.ಎಸ್.ಎಸ್.ಪಿ. ಇನ್ನೂ ಒಂದು ಹೆಜ್ಜೆ ಮುಂದೆ: ಅದಕ್ಕೆ ಸಾಮಾನ್ಯವಾಗಿ ಐದು ವರ್ಷದ ಅನುಭವ ಬೇಕು. ಅನುಭವವಿಲ್ಲದವನು ತೇರ್ಗಡೆಯಾದರೆ ಅವನನ್ನು ಸಹವರ್ತಿಯೆಂದು ಮಾತ್ರ ಕರೆದು, ಆ ಅನುಭವವನ್ನು ಗಳಿಸಲು ಆರು ವರ್ಷಗಳ ಅವಧಿ ಕೊಡುತ್ತಾರೆ. ಪರೀಕ್ಷೆ ನಡೆಸುವವರೇ ಪರೀಕ್ಷೆಯ ಮಿತಿಯನ್ನು ಹೀಗೆ ಒಪ್ಪಿಕೊಂಡಿರುವುದು ಗಮನಾರ್ಹ.

ಈ ಅಪನಂಬಿಕೆಗೆ ಇತಿಹಾಸವಿದೆ. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಎಂ.ಸಿ.ಎಸ್.ಇ. ಎಂಬ ಪ್ರಮಾಣಪತ್ರಕ್ಕೆ ಬಲು ಬೇಡಿಕೆ ಬಂದಿತು. ಪ್ರಶ್ನೆಗಳನ್ನು ಕಂಠಪಾಠ ಮಾಡಿ ತೇರ್ಗಡೆಯಾದವರು ಹೆಚ್ಚಿದಾಗ, ಯಂತ್ರವನ್ನೇ ಮುಟ್ಟಿ ಅರಿಯದ ಇಂಥವರನ್ನು ‘ಕಾಗದದ ಎಂ.ಸಿ.ಎಸ್.ಇ.’ ಎಂದು ಹೀಗಳೆಯುವ ರೂಢಿ ಬೆಳೆಯಿತು. 2021ರ ಜನವರಿಯಲ್ಲಿ ಆ ಪ್ರಮಾಣಪತ್ರವನ್ನೇ ಕಂಪನಿಯು ಕೈಬಿಟ್ಟಿತು. ಅದು ಹುಟ್ಟಿಸಿದ ಸಂಶಯ ಮಾತ್ರ ನೇಮಕ ಮಾಡುವವರ ಮನಸ್ಸಿನಲ್ಲಿ ಉಳಿದಿದೆ.

ಹಾಗಾದರೆ ಅವರು ಬಯಸುವ ಅನುಭವವೆಂದರೇನು? ವರ್ಷಗಳ ಲೆಕ್ಕವು ಅದರ ಹೊರರೂಪ. ಯಂತ್ರ ಕೆಟ್ಟು ಹತ್ತು ಜನರ ಕೆಲಸ ನಿಂತಾಗ ಈತನು ಏನು ಮಾಡಿದನು, ಏನನ್ನು ಬರೆದಿಟ್ಟನು, ಯಾರಿಗೆ ಉತ್ತರ ಹೇಳಿದನು ಎಂಬುದೇ ಅದರ ಒಳರೂಪ. ಮನೆಯಲ್ಲಿ ತಾನೊಬ್ಬನೇ ಮಾಡಿದ ಅಭ್ಯಾಸ ಒಳ್ಳೆಯದೇ. ಆದರೆ ಅದನ್ನು ನಂಬಿ ಕುಳಿತ ಎರಡನೆಯವರಿರುವುದಿಲ್ಲ. ಈ ಎರಡನೆಯವರನ್ನು ಒದಗಿಸುವುದೇ ಮುಖ್ಯ ಸಮಸ್ಯೆ.

ಇದನ್ನು ಅಡ್ಡದಾರಿಯಿಂದ ಬಿಡಿಸುವ ಆಮಿಷವೂ ಉಂಟು. ಹಣ ಕೊಟ್ಟರೆ ಎರಡು ಮೂರು ವರ್ಷದ ಸುಳ್ಳು ಅನುಭವಪತ್ರವನ್ನು ಬರೆದುಕೊಡುವ ದಲ್ಲಾಳಿಗಳು ಮಹಾನಗರಗಳಲ್ಲಿದ್ದಾರೆ. 2014ರಿಂದ ಭವಿಷ್ಯನಿಧಿಯ ಪ್ರತಿಯೊಬ್ಬ ಸದಸ್ಯನಿಗೂ ಒಂದೇ ಖಾಯಂ ಸಂಖ್ಯೆ ಇರುವುದರಿಂದ, ಯಾವ ಸಂಸ್ಥೆಯಲ್ಲಿ ಎಂದು ಸೇರಿ ಎಂದು ಬಿಟ್ಟನೆಂಬುದನ್ನು ತಾಳೆ ನೋಡುವುದು ಕಂಪನಿಗಳಿಗೆ ಸುಲಭವಾಗಿದೆ. ಸೇರಿದ ಮೇಲೆ ಸುಳ್ಳು ಬಯಲಾದರೆ ನೌಕರಿಯೂ ಹೋಗುತ್ತದೆ, ಮುಂದಿನ ಬಾಗಿಲುಗಳೂ ಮುಚ್ಚುತ್ತವೆ. ತಂದೆಯು ಹೊಲ ಒತ್ತೆಯಿಟ್ಟು ತಂದ ಹಣ ಇಂಥ ದಲ್ಲಾಳಿಯ ಪಾಲಾಗುವುದಕ್ಕಿಂತ ದೊಡ್ಡ ಅನ್ಯಾಯ ಬೇರಿಲ್ಲ. ಶಿಕ್ಷಕರು ಈ ಮಾತನ್ನು ಪದವಿಗೆ ಮುಂಚೆಯೇ, ಪಾಲಕರ ಸಮ್ಮುಖದಲ್ಲಿಯೇ ತಿಳಿಸುವುದು ಲೇಸು.

ನೇರ ದಾರಿಗಳೂ ಇಲ್ಲದಿಲ್ಲ. 1961ರ ಶಿಶಿಕ್ಷು ಕಾಯಿದೆಯಡಿ ಕಂಪನಿಗಳು ಅನನುಭವಿಗಳನ್ನೇ ತರಬೇತಿಗೆ ತೆಗೆದುಕೊಳ್ಳುತ್ತವೆ. 2016ರಲ್ಲಿ ಬಂದ ರಾಷ್ಟ್ರೀಯ ಯೋಜನೆಯಂತೆ ಅವರ ಶಿಷ್ಯವೇತನದ ಒಂದಂಶವನ್ನು ಕೇಂದ್ರ ಸರಕಾರ ಭರಿಸುತ್ತದೆ. ಬಿ.ಸಿ.ಎ., ಬಿ.ಎಸ್‌ಸಿ. ಪದವೀಧರರನ್ನು ಕೆಲಸದಲ್ಲಿಟ್ಟುಕೊಂಡೇ ಎಂ.ಟೆಕ್. ಓದಿಸುವ ಕ್ರಮವನ್ನು ವಿಪ್ರೋ ಕಂಪನಿ ಇಟ್ಟುಕೊಂಡಿದೆ. ಗ್ರಾಹಕರ ದೂರುಗಳನ್ನು ಕೇಳಿ ಪರಿಹರಿಸುವ ಕೆಳಹಂತದ ಹುದ್ದೆಗಳನ್ನು ಅನೇಕರು ಕೀಳೆಂದು ಬಿಡುತ್ತಾರೆ. ಅನುಭವಕ್ಕೆ ಅವುಗಳಂಥ ಪಾಠಶಾಲೆ ವಿರಳ. ಬೆಂಗಳೂರೊಂದನ್ನೇ ನೋಡದೆ, ಗದಗಿನಿಂದ ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ಮೊದಲು ವಿಚಾರಿಸುವುದು ಖರ್ಚಿನ ದೃಷ್ಟಿಯಿಂದಲೂ ಯುಕ್ತ.

ಆದರೂ ಮೊದಲ ಅನುಭವವು ಊರಲ್ಲಿಯೇ ದೊರೆಯಬಹುದೆಂಬುದನ್ನು ಈ ಸೀಮೆಯವರು ಬೇಗ ಅರಿಯಬಲ್ಲರು. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಅಡವಿಡಲು ಏನೂ ಇಲ್ಲದ ರೈತನಿಗೂ ಅವನ ನಡತೆಯನ್ನು ಬಲ್ಲ ನೆರೆಹೊರೆಯವರ ಹೊಣೆಯ ಮೇಲೆ ಸಾಲ ದೊರೆಯಬೇಕೆಂಬುದು ಇಂಥ ಸಂಘಗಳ ತತ್ತ್ವ. ಪತ್ತು ಎಂಬ ಮಾತಿನಲ್ಲಿ ಸಾಲದ ಜೊತೆಗೆ ವಿಶ್ವಾಸವೂ ಅಡಗಿದೆ. ಅನುಭವವಿಲ್ಲದ ತರುಣನಿಗೆ ಬೇಕಾದುದೂ ಅಂಥ ಪತ್ತೇ. 2022ರ ಜೂನಿನಲ್ಲಿ ಕೇಂದ್ರ ಸರಕಾರವು ದೇಶದ ಸುಮಾರು 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಾತಿ ನೀಡಿತು. ಹೀಗೆ ಗಣಕಯಂತ್ರ ಬಂದಲ್ಲೆಲ್ಲ ದಾಖಲೆ ತಿದ್ದುವ, ಪ್ರತಿ ತೆಗೆದಿಡುವ, ಸಿಬ್ಬಂದಿಗೆ ಕಲಿಸುವ ಕೆಲಸಗಳು ಬೆನ್ನಹಿಂದೆಯೇ ಬರುತ್ತವೆ. ಶಾಲೆಗಳ ಗಣಕಕೋಣೆ, ಗ್ರಂಥಾಲಯದ ಯಾದಿ, ಹಳೆಯ ವಿದ್ಯಾರ್ಥಿಗಳ ಪಟ್ಟಿ ಇವೂ ಅಂಥವೇ.

ಮಠದ ಶಾಲೆಗಳು ಇಂಥ ಕೆಲಸವನ್ನು ಪ್ರಮಾಣಪತ್ರ ಪಡೆದ ತಮ್ಮದೇ ತರುಣರಿಗೆ ಆರು ತಿಂಗಳ ಮಟ್ಟಿಗೆ ಒಪ್ಪಿಸಬಹುದು. ಕಾಯಕಕ್ಕೆ ತಕ್ಕ ಸಂಭಾವನೆ, ಚಿಕ್ಕದಾದರೂ, ಕೊಡಲೇಬೇಕು. ಬಿಟ್ಟಿ ದುಡಿಸಿದರೆ ಅದು ದಾಸೋಹವಾಗದು. ದಾನಿಗಳು ಯಂತ್ರಗಳಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಡಲು ಅಡ್ಡಿಯಿಲ್ಲ. ಬಂದ ದೂರು, ಕಂಡ ಕಾರಣ, ಮಾಡಿದ ದುರಸ್ತಿ ಇವನ್ನು ತಾರೀಖಿನೊಡನೆ ಒಂದು ವಹಿಯಲ್ಲಿ ಬರೆಸಬೇಕು. ಅವಧಿ ಮುಗಿದಾಗ ಮುಖ್ಯೋಪಾಧ್ಯಾಯರು ಕೊಡುವ ಪತ್ರದಲ್ಲಿ ಹೊಗಳಿಕೆಯ ಮಾತಿಗಿಂತ ಆ ವಹಿಯ ಸಾರಾಂಶವಿದ್ದರೆ ಸಂದರ್ಶನದಲ್ಲಿ ಅದಕ್ಕೆ ಬೆಲೆ ಬರುತ್ತದೆ. ಕಂಪನಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ದೂರವಾಣಿಯ ಮೂಲಕ ಆ ವಹಿಯನ್ನು ಪರಿಶೀಲಿಸಿ, ತಪ್ಪಿದಲ್ಲಿ ತಿದ್ದಿ, ಕೆಲಸ ಮನಸ್ಸಿಗೆ ಬಂದವರ ಹೆಸರನ್ನು ಮಾತ್ರ ತಮ್ಮ ಕಚೇರಿಗೆ ಸೂಚಿಸಬಹುದು.